ಹಾವಿನ ವಿಷವೂ ದೇಹದ ಉರಿಯೂ

೧

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವನ್ನು ನೋಡಲು ಹೋಗುವವರಲ್ಲಿ ಬಹುಮಂದಿ ಗೋಡೆಯ ಶಿಲ್ಪಗಳ ಸೊಬಗಿಗೆ ಮೈಮರೆತು, ಅದರ ಬಳಿಯಲ್ಲಿಯೇ ನಿಂತಿರುವ ಒಂದು ಕಂಬವನ್ನು ಗಮನಿಸದೆ ಹಿಂದಿರುಗುವರು. ಅದು ಗರುಡಗಂಬವೆಂದು ಹೆಸರಾದುದು. ಹೊಯ್ಸಳ ಅರಸರಿಗೆ ಗರುಡರೆಂಬ ಅಂಗರಕ್ಷಕರಿದ್ದರು. ಒಡೆಯನೊಡನೆ ಬಾಳುವುದು, ಒಡೆಯನು ಸತ್ತರೆ ಅವನೊಡನೆ ಸಾಯುವುದು, ಇದು ಅವರ ವ್ರತ. ಇಮ್ಮಡಿ ವೀರಬಲ್ಲಾಳನು ೧೨೨೦ರಲ್ಲಿ ತೀರಿಕೊಂಡಾಗ ಅವನ ದಂಡನಾಯಕನಾದ ಕುವರ ಲಕ್ಷ್ಮನು ತನ್ನ ಮಡದಿ ಸುಗ್ಗಲದೇವಿಯೊಡನೆಯೂ ಪರಿವಾರದೊಡನೆಯೂ ಪ್ರಾಣವನ್ನೊಪ್ಪಿಸಿದುದನ್ನು ಈ ಕಂಬದ ಶಾಸನವು ಹೇಳುತ್ತದೆ. ಕಂಬದ ಮೇಲೆ ಕತ್ತಿ ಹಿಡಿದ ವೀರರು ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವಂತೆ ಬಿಡಿಸಿರುವ ಚಿತ್ರಗಳುಂಟು. ರಕ್ಷಣೆಗೆಂದು ಹಿಡಿದ ಕತ್ತಿಯು ಹಿಡಿದವನ ಮೈಮೇಲೆಯೇ ಬೀಳುವ ಈ ನೋಟವನ್ನು ಕಂಡವರು ಮರೆಯಲಾರರು.

ಮನುಷ್ಯನ ರಕ್ತದಲ್ಲಿಯೂ ಇಂತಹ ಅಂಗರಕ್ಷಕರಿದ್ದಾರೆ. ಹೊರಗಿನಿಂದ ನುಗ್ಗಿದ ರೋಗಾಣುವನ್ನು ಹಿಡಿದು ಕೊಲ್ಲುವುದು ಅವರ ಕೆಲಸ. ಆದರೆ ಒಮ್ಮೊಮ್ಮೆ ಅವರ ಕತ್ತಿಯೂ ತಾವು ಕಾಯಬೇಕಾದ ಮೈಯನ್ನೇ ಕಡಿಯುವುದು. ವೈದ್ಯಶಾಸ್ತ್ರದಲ್ಲಿ ಇವರಿಗೆ ಪೂರಕಗಳೆಂದು ಹೆಸರು. ಇವರು ಎಬ್ಬಿಸುವ ಕೂಗಿಗೆ ಅನಾಫಿಲಟಾಕ್ಸಿನ್ ಎಂಬ ಹೆಸರೂ, ಆ ಕೂಗನ್ನು ಕೇಳುವ ಬಾಗಿಲುಗಳಿಗೆ ಗ್ರಾಹಕಗಳೆಂಬ ಹೆಸರೂ ಬಂದಿವೆ. ಈ ವಿಚಾರಗಳು ಬೆಳಕಿಗೆ ಬಂದ ಚರಿತ್ರೆಯಲ್ಲಿ ನಮ್ಮ ಹೊಲಗದ್ದೆಗಳ ನಾಗರಹಾವಿಗೆ ಒಂದು ವಿಶೇಷವಾದ ಸ್ಥಾನವುಂಟು.

ಅರಸೀಕೆರೆಯ ತೆಂಗಿನ ತೋಟಗಳ ಸೀಮೆಯಿಂದ ಹಿಡಿದು ಬೇಲೂರಿನಾಚೆಯ ಕಾಫಿಯ ಮಲೆಗಳವರೆಗೆ ನಾಗರಕಲ್ಲಿಲ್ಲದ ಊರು ಅಪರೂಪ. ಅಶ್ವತ್ಥದ ಕಟ್ಟೆಯ ಮೇಲೆ, ಕೆರೆಯ ಏರಿಯ ಮಗ್ಗುಲಲ್ಲಿ, ಹೆಡೆಯೆತ್ತಿದ ಕಲ್ಲುಗಳು ಅರಿಸಿನ ಕುಂಕುಮಗಳಿಂದ ಕೂಡಿ ನಿಂತಿರುವುವು. ಪೂಜೆಯ ಬೆನ್ನಿಗೆ ಭಯವೂ ಇದ್ದಿತು. ಭಯದ ಬೆನ್ನಿಗೆ ಚಿಕಿತ್ಸೆಯ ವಿಚಾರವೂ ಹುಟ್ಟಿತು. ಹೊಯ್ಸಳರ ಕಾಲವು ಮುಗಿದ ಸ್ವಲ್ಪ ದಿನಗಳಲ್ಲಿಯೇ, ಹದಿನಾಲ್ಕನೆಯ ಶತಮಾನದಲ್ಲಿ, ಮೊದಲನೆಯ ಮಂಗರಾಜನು ವಿಷವೈದ್ಯವನ್ನು ಕುರಿತು 'ಖಗೇಂದ್ರಮಣಿದರ್ಪಣ'ವನ್ನು ಕನ್ನಡದಲ್ಲಿ ಬರೆದನು. ಖಗೇಂದ್ರನೆಂದರೆ ಗರುಡನು. ಹಾವಿನ ವಿಷಕ್ಕೆ ಗರುಡನ ಹೆಸರಿನಲ್ಲಿ ಮದ್ದನ್ನು ಹುಡುಕಿದ ಈ ನಾಡಿಗೆ, ವಿಷವು ಮೈಯೊಳಗೆ ಏನನ್ನು ಮಾಡುತ್ತದೆಂಬ ಪ್ರಶ್ನೆಯು ಹೊಸತಲ್ಲ.

೨

ಕನ್ನಡದಲ್ಲಿ 'ಉರಿಯೂತ'ವೆಂಬ ಮಾತೇ ಒಂದು ಪುಟ್ಟ ವೈದ್ಯಗ್ರಂಥದಂತಿದೆ. ಉರಿ ಎಂದರೆ ಬಿಸಿಯೂ ನೋವೂ, ಊತವೆಂದರೆ ಬಾವು. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಸೆಲ್ಸಸ್ ಎಂಬ ಗ್ರಂಥಕಾರನು ಉರಿಯೂತಕ್ಕೆ ನಾಲ್ಕು ಲಕ್ಷಣಗಳನ್ನು ಹೇಳಿದನು: ಕೆಂಪು, ಊತ, ಬಿಸಿ, ನೋವು. ನಮ್ಮ ಸುಶ್ರುತಸಂಹಿತೆಯು ಬಾವನ್ನು ಆಮ, ಪಚ್ಯಮಾನ, ಪಕ್ವ ಎಂದು ಮೂರು ಹಂತಗಳಾಗಿ ವಿಂಗಡಿಸಿ, ಹಣ್ಣಾಗದುದನ್ನು ಕೊಯ್ಯುವುದೂ ಹಣ್ಣಾದುದನ್ನು ಕಡೆಗಣಿಸುವುದೂ ಸಮಾನವಾದ ತಪ್ಪೆಂದು ಎಚ್ಚರಿಸಿತು. ಊತವು ಒಂದು ಸ್ಥಿತಿಯಲ್ಲ, ಕಾಲಕ್ರಮದಲ್ಲಿ ನಡೆಯುವ ಒಂದು ಕ್ರಿಯೆ ಎಂಬ ತಿಳಿವಳಿಕೆಯು ಆ ವಿಂಗಡಣೆಯಲ್ಲಿ ಅಡಗಿದೆ.

ಆದರೆ ಈ ಕ್ರಿಯೆಯು ದೇಹಕ್ಕೆ ಮಿತ್ರನೋ ಶತ್ರುವೋ? ಲಂಡನ್ನಿನ ಶಸ್ತ್ರವೈದ್ಯನಾದ ಜಾನ್ ಹಂಟರನ ಗ್ರಂಥವು ಅವನು ತೀರಿಕೊಂಡ ಮರುವರ್ಷ, ೧೭೯೪ರಲ್ಲಿ, ಪ್ರಕಟವಾಯಿತು. ಉರಿಯೂತವು ತಾನೇ ಒಂದು ರೋಗವಲ್ಲ. ಗಾಯಕ್ಕೋ ರೋಗಕ್ಕೋ ದೇಹವು ಕೊಡುವ ಹಿತಕರವಾದ ಉತ್ತರ, ಎಂದು ಅವನು ಅದರಲ್ಲಿ ವಾದಿಸಿದ್ದನು. ಆ ಉತ್ತರವನ್ನು ಕಣ್ಣಾರೆ ಕಂಡವನು ಜರ್ಮನಿಯ ಕೋನ್‌ಹೈಮ್. ೧೮೬೭ರಲ್ಲಿ ಅವನು ಕಪ್ಪೆಯ ಒಳಮೈಯ ತೆಳುಪೊರೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಹರಡಿ, ಉರಿಯೂತವಾದಲ್ಲಿ ರಕ್ತದ ಬಿಳಿಯ ಕಣಗಳು ನಾಳದ ಗೋಡೆಯ ಸಂದಿನಿಂದ ನುಸುಳಿ ಹೊರಬರುವುದನ್ನು ವರ್ಣಿಸಿದನು.

ಕಪ್ಪೆಯ ಮಾತು ಬಂದಾಗ ಬೇಲೂರಿನ ಐತಿಹ್ಯವು ನೆನಪಾಗುವುದು ಸಹಜ. ಜಕಣಾಚಾರಿಯು ಕಡೆದ ವಿಗ್ರಹದಲ್ಲಿ ದೋಷವಿದೆಯೆಂದು ಡಂಕಣನು ಹೇಳಿದನಂತೆ. ವಿಗ್ರಹಕ್ಕೆಲ್ಲ ಗಂಧವನ್ನು ಬಳಿದಾಗ ಹೊಕ್ಕುಳಿನ ಬಳಿ ಮಾತ್ರ ಅದು ಒಣಗಲಿಲ್ಲ. ಅಲ್ಲಿ ಉಳಿಯಿಟ್ಟು ನೋಡಿದರೆ ಒಳಗೆ ನೀರೂ ಕಪ್ಪೆಯೂ ಇದ್ದುವಂತೆ. ಕಪ್ಪೆ ಚೆನ್ನಿಗರಾಯನೆಂಬ ಹೆಸರಿಗೆ ಜನರು ಕೊಡುವ ಕಾರಣವಿದು. ಜಕಣಾಚಾರಿಯ ಕಥೆಗೆ ಶಾಸನಗಳ ಆಧಾರವಿಲ್ಲದಿದ್ದರೂ, ಹೊರಗಿನ ಗುರುತಿನಿಂದ ಒಳಗಿನ ಸಂಗತಿಯನ್ನು ಊಹಿಸುವ ಡಂಕಣನ ಕ್ರಮವು ವೈದ್ಯನ ಕ್ರಮವೇ ಆಗಿದೆ. ಚರ್ಮದ ಮೇಲಿನ ಕೆಂಪೂ ಬಿಸಿಯೂ ಒಣಗದ ಗಂಧದಂತೆ. ಒಳಗೆ ಏನೋ ಇದೆಯೆಂಬುದನ್ನು ಅವು ಹೇಳುತ್ತವೆ. ಏನಿದೆಯೆಂಬುದನ್ನು ತಿಳಿಯಲು ಮಾತ್ರ ಕಲ್ಲನ್ನು ಬಿಡಿಸಿ ನೋಡಬೇಕು.

ಬಿಳಿಯ ಕಣಗಳು ಹೊರಬರುವುದೇಕೆ ಎಂಬುದಕ್ಕೆ ರಷ್ಯದ ಮೆಚ್ನಿಕೋಫ್ ೧೮೮೨ರಲ್ಲಿ ಇಟಲಿಯ ಮೆಸ್ಸಿನದ ಕಡಲ ದಂಡೆಯಲ್ಲಿ ಉತ್ತರವನ್ನು ಕಂಡನು. ಗಾಜಿನಂತೆ ತಿಳಿಯಾದ ನಕ್ಷತ್ರಮೀನಿನ ಮರಿಗೆ ಗುಲಾಬಿಯ ಮುಳ್ಳನ್ನು ಚುಚ್ಚಿಟ್ಟು ಮಾರನೆಯ ಬೆಳಿಗ್ಗೆ ನೋಡಿದಾಗ, ಅಲೆದಾಡುವ ಕಣಗಳು ಮುಳ್ಳನ್ನು ಮುತ್ತಿದ್ದುವು. ಅವು ಬಂದುದು ಪರಕೀಯ ವಸ್ತುವನ್ನು ನುಂಗುವುದಕ್ಕಾಗಿ. ಆದರೆ ಮುಳ್ಳು ಚುಚ್ಚಿದ ಸುದ್ದಿಯನ್ನು ದೂರದ ಕಣಗಳಿಗೆ ಮುಟ್ಟಿಸಿದವರು ಯಾರು? ಈ ಪ್ರಶ್ನೆಗೆ ಪೂರ್ಣವಾದ ಉತ್ತರವು ದೊರೆಯಲು ಒಂದು ಶತಮಾನಕ್ಕೂ ಮಿಕ್ಕ ಕಾಲವು ಹಿಡಿಯಿತು.

೩

ಇತ್ತ ಬೇರೆ ಕೆಲವರು ಕಣಗಳನ್ನು ಬಿಟ್ಟು ರಕ್ತದ ತಿಳಿಯಾದ ದ್ರವವನ್ನು ಪರೀಕ್ಷಿಸುತ್ತಿದ್ದರು. ಕಣಗಳಿಲ್ಲದ ರಕ್ತದ್ರವಕ್ಕೂ ರೋಗಾಣುಗಳನ್ನು ಕೊಲ್ಲುವ ಶಕ್ತಿಯಿದೆಯೆಂಬುದೂ, ಕಾಯಿಸಿದರೆ ಆ ಶಕ್ತಿಯು ನಾಶವಾಗುವುದೆಂಬುದೂ ೧೮೮೮ರ ಸುಮಾರಿನಲ್ಲಿ ನಟಾಲ್, ಬೂಖ್‌ನರ್ ಮೊದಲಾದವರಿಂದ ಗೊತ್ತಾಯಿತು. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಬೆಲ್ಜಿಯಮ್ಮಿನ ಜೂಲ್ ಬೋರ್ಡೆಯು ೧೮೯೫ರಲ್ಲಿ ಒಂದು ಸರಳವಾದ ಪ್ರಯೋಗದಿಂದ ಇದರ ಗುಟ್ಟನ್ನು ಬಿಡಿಸಿದನು. ಕಾಲರಾ ರೋಗಾಣುಗಳ ವಿರುದ್ಧ ಸಿದ್ಧಗೊಂಡ ಪ್ರಾಣಿಯ ರಕ್ತದ್ರವವನ್ನು ೫೫ ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿದಾಗ ಅದು ಶಕ್ತಿಗುಂದಿತು. ಸಾಮಾನ್ಯವಾದ ಪ್ರಾಣಿಯ ಹಸಿಯ ರಕ್ತದ್ರವವನ್ನು ಸ್ವಲ್ಪ ಬೆರೆಸಿದೊಡನೆ ಹಿಂದಿನ ಶಕ್ತಿಯು ಮರಳಿತು. ಆದುದರಿಂದ ಕೊಲ್ಲುವ ಕೆಲಸಕ್ಕೆ ಎರಡು ವಸ್ತುಗಳು ಬೇಕೆಂದಾಯಿತು. ಒಂದು, ಶತ್ರುವನ್ನು ಗುರುತಿಸುವ ಪ್ರತಿಕಾಯ. ಇದು ಬಿಸಿಯನ್ನು ತಾಳುತ್ತದೆ. ಮತ್ತೊಂದು, ಎಲ್ಲರ ರಕ್ತದಲ್ಲಿಯೂ ಇರುವ, ಬಿಸಿಗೆ ಕೆಡುವ ವಸ್ತು. ೧೮೯೯ರಲ್ಲಿ ಜರ್ಮನಿಯ ಎರ್‌ಲಿಖ್ ಮತ್ತು ಅವನ ಸಹಾಯಕನಾದ ಮೋರ್ಗನ್‌ರೋತ್ ಇವರು ಎರಡನೆಯದಕ್ಕೆ ಕಾಂಪ್ಲಿಮೆಂಟ್, ಎಂದರೆ ಪೂರಕ, ಎಂದು ಹೆಸರಿಟ್ಟರು. ಬೋರ್ಡೆಗೆ ೧೯೧೯ನೆಯ ವರ್ಷದ ನೊಬೆಲ್ ಪಾರಿತೋಷಕವು ದೊರೆಯಿತು.

ರಕ್ಷಕನ ಪರಿಚಯವಾದ ಕೆಲವೇ ವರ್ಷಗಳಲ್ಲಿ ಅವನ ಉಗ್ರರೂಪವೂ ಕಾಣಿಸಿಕೊಂಡಿತು. ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಪೋರ್ತಿಯೇ ಎಂಬವರು ಮೊನಾಕೋ ದೊರೆಯ ಹಡಗಿನಲ್ಲಿ ೧೯೦೧ರಲ್ಲಿ ಕಡಲ ಪ್ರಾಣಿಗಳ ವಿಷವನ್ನು ಕುರಿತ ಕೆಲಸವನ್ನು ಪ್ರಾರಂಭಿಸಿ, ಊರಿಗೆ ಮರಳಿದ ಮೇಲೂ ಮುಂದುವರಿಸಿದರು. ನಾಯಿಗಳಿಗೆ ಆ ವಿಷವನ್ನು ಸ್ವಲ್ಪ ಸ್ವಲ್ಪವಾಗಿ ಕೊಟ್ಟು ಪಳಗಿಸಬಹುದೆಂಬುದು ಅವರ ನಿರೀಕ್ಷೆ. ಆದರೆ ಮೊದಲ ಸಲ ವಿಷವನ್ನು ತಾಳಿಕೊಂಡು ಚೆನ್ನಾಗಿಯೇ ಇದ್ದ ನೆಪ್ಟ್ಯೂನ್ ಎಂಬ ನಾಯಿಯು, ಕೆಲವು ವಾರಗಳ ತರುವಾಯ ಅಲ್ಪ ಪ್ರಮಾಣದಲ್ಲಿ ಎರಡನೆಯ ಸಲ ಕೊಟ್ಟೊಡನೆ ಏದುಸಿರುಬಿಟ್ಟು, ವಾಂತಿಮಾಡಿಕೊಂಡು, ಅರ್ಧಗಂಟೆಯೊಳಗೆ ಸತ್ತಿತು. ರಕ್ಷಣೆಗೆ ವಿರುದ್ಧವಾದುದೆಂಬ ಅರ್ಥದಲ್ಲಿ ರಿಶೆಯು ೧೯೦೨ರಲ್ಲಿ ಇದನ್ನು ಅನಾಫಿಲಾಕ್ಸಿಸ್ ಎಂದು ಕರೆದನು. ಸತ್ತುದು ವಿಷದಿಂದಲ್ಲ, ವಿಷಕ್ಕೆ ದೇಹವು ಕೊಟ್ಟ ಉತ್ತರದಿಂದ ಎಂಬುದು ಅಂದಿನ ವೈದ್ಯಲೋಕವನ್ನು ಬೆರಗುಗೊಳಿಸಿದ ಮಾತು.

೧೯೧೦ರಲ್ಲಿ ಜರ್ಮನಿಯ ಫ್ರೀಡ್‌ಬೆರ್ಗರ್ ಇನ್ನೊಂದು ಹೆಜ್ಜೆಯನ್ನಿಟ್ಟನು. ಗಿನಿಹಂದಿಯ ಹಸಿಯ ರಕ್ತದ್ರವದಲ್ಲಿ ಪ್ರತಿಕಾಯವೂ ಅದರ ಶತ್ರುವಸ್ತುವೂ ಕೂಡಿದ ಗಷ್ಟನ್ನು ಬೆರೆಸಿಟ್ಟು, ತರುವಾಯ ಗಷ್ಟನ್ನು ತೆಗೆದುಹಾಕಿ, ಉಳಿದ ದ್ರವವನ್ನು ಮತ್ತೊಂದು ಗಿನಿಹಂದಿಗೆ ಚುಚ್ಚಿದಾಗ ಅದು ಅನಾಫಿಲಾಕ್ಸಿಸಿನ ಲಕ್ಷಣಗಳಿಂದಲೇ ಸತ್ತಿತು. ರಕ್ತದ್ರವದೊಳಗೇ ವಿಷವೊಂದು ಹುಟ್ಟಿತೆಂದು ಅವನು ತರ್ಕಿಸಿ, ಅದನ್ನು ಅನಾಫಿಲಟಾಕ್ಸಿನ್ ಎಂದು ಕರೆದನು. ಈಚೆಗೆ ತಿಳಿದುಬಂದಿರುವಂತೆ, ಜೇನುನೊಣದ ಕಡಿತದಿಂದಲೋ ಔಷಧದಿಂದಲೋ ಮನುಷ್ಯರಿಗೆ ಸಾಮಾನ್ಯವಾಗಿ ಬರುವ ಅನಾಫಿಲಾಕ್ಸಿಸಿಗೆ ಮುಖ್ಯ ಕಾರಣವು ಬೇರೊಂದು ಬಗೆಯ ಪ್ರತಿಕಾಯ. ಆದರೂ ದೇಹದ ದ್ರವವು ತಾನೇ ಉರಿಯ ಕಿಡಿಯನ್ನು ಹುಟ್ಟಿಸಬಲ್ಲುದೆಂಬ ಫ್ರೀಡ್‌ಬೆರ್ಗರನ ಮಾತು ಸುಳ್ಳಾಗಲಿಲ್ಲ. ಆ ವಿಷವು ಯಾವ ಮೂಲದಿಂದ ಹುಟ್ಟಿತೆಂಬುದು ಮಾತ್ರ ಐವತ್ತು ವರ್ಷಗಳಿಗೂ ಹೆಚ್ಚು ಕಾಲ ಕತ್ತಲಲ್ಲಿ ಉಳಿಯಿತು.

೪

ಆ ಕತ್ತಲೆಯನ್ನು ಹೋಗಲಾಡಿಸಲು ನೆರವಾದುದು ನಾಗರಹಾವಿನ ವಿಷ. ಅಮೆರಿಕದಲ್ಲಿ ಫ್ಲೆಕ್ಸ್‌ನರ್ ಮತ್ತು ಜಪಾನಿನಿಂದ ಬಂದ ನೊಗುಚಿ ಇವರು ೧೯೦೩ರ ಸುಮಾರಿನಲ್ಲಿ, ನಾಗರಹಾವಿನ ವಿಷವನ್ನು ಬೆರೆಸಿದ ರಕ್ತದ್ರವವು ತನ್ನ ಪೂರಕಶಕ್ತಿಯನ್ನು ಕಳೆದುಕೊಳ್ಳುವುದೆಂದು ತೋರಿಸಿದರು. ಹಾವು ಕಚ್ಚಿದವರ ಹುಣ್ಣು ಬೇಗ ಕೀವುಗಟ್ಟಿ ಕೊಳೆಯುವುದಕ್ಕೆ ಇದೂ ಒಂದು ಕಾರಣವಿರಬಹುದೆಂದು ಆಗ ಊಹಿಸಿದರು. ವಿಷದಲ್ಲಿರುವ ಯಾವ ಅಂಶವು ಈ ಕೆಲಸವನ್ನು ಮಾಡುವುದೆಂಬುದು ೧೯೬೦ರ ದಶಕದಲ್ಲಿ ಅಮೆರಿಕದ ನೆಲ್ಸನ್, ಮುಲ್ಲರ್-ಎಬರ್‌ಹಾರ್ಡ್ ಮೊದಲಾದವರ ಕೆಲಸದಿಂದ ಸ್ಪಷ್ಟವಾಯಿತು. ಆ ಅಂಶಕ್ಕೆ ನಾಗವಿಷದ ಪೂರಕಾಂಶವೆಂದು ಹೆಸರಿಡಬಹುದು. ಕಚ್ಚಿಸಿಕೊಂಡವನ ಉಸಿರನ್ನು ನಿಲ್ಲಿಸುವುದು ಇದಲ್ಲ, ನರಗಳನ್ನು ಕಟ್ಟುವ ಬೇರೆ ಅಂಶಗಳು. ಇದರ ಆಟವೇ ಬೇರೆ.

ಅದನ್ನು ತಿಳಿಯಲು ಪೂರಕದ ವ್ಯವಸ್ಥೆಯನ್ನು ಸ್ವಲ್ಪ ವಿವರಿಸಬೇಕು. ಪೂರಕವೆಂಬುದು ಒಂದು ವಸ್ತುವಲ್ಲ. ಮೂವತ್ತಕ್ಕೂ ಹೆಚ್ಚು ಪ್ರೋಟೀನುಗಳ ಒಂದು ಪರಿವಾರ. ಇವುಗಳಲ್ಲಿ ಬಹುಪಾಲು ಯಕೃತ್ತಿನಲ್ಲಿ ತಯಾರಾಗಿ ರಕ್ತದಲ್ಲಿ ಸುಮ್ಮನೆ ಸಂಚರಿಸುತ್ತಿರುವುವು. ಇವರೊಳಗೆ ಪ್ರಮುಖವಾದುದು ಸಿ೩. ಒಂದು ಲೀಟರು ರಕ್ತದ್ರವದಲ್ಲಿ ಇದು ಸುಮಾರು ಒಂದು ಗ್ರಾಮಿನಷ್ಟಿರುವುದು. ಅಪಾಯವು ಕಂಡೊಡನೆ ಸಿ೩ ಎರಡಾಗಿ ಒಡೆಯುವುದು. ದೊಡ್ಡ ಹೋಳು ರೋಗಾಣುವಿನ ಮೈಗೆ ಅಂಟಿಕೊಂಡು, ನುಂಗುವ ಕಣಗಳಿಗೆ ಗುರುತಾಗುವುದು. ಸಿ೩ಎ ಎಂಬ ಪುಟ್ಟ ಹೋಳು ದ್ರವದಲ್ಲಿ ತೇಲಿಹೋಗುವುದು. ಹಾಗೆಯೇ ಸಿ೫ ಒಡೆದಾಗ ಅದರ ದೊಡ್ಡ ಹೋಳು ಸಂಗಡಿಗರನ್ನು ಕೂಡಿಕೊಂಡು ರೋಗಾಣುವಿನ ಮೈಯಲ್ಲಿ ರಂಧ್ರವನ್ನು ಕೊರೆಯುವುದು. ಸಿ೫ಎ ಎಂಬ ಪುಟ್ಟ ಹೋಳು ಹೊರಟುಹೋಗುವುದು. ಹಳ್ಳಿಗೆ ಕಳ್ಳನು ನುಗ್ಗಿದಾಗ ಒಬ್ಬ ತಳವಾರನು ಕಳ್ಳನನ್ನು ಬಿಗಿಯಾಗಿ ಹಿಡಿದುಕೊಳ್ಳುವನು. ಇನ್ನೊಬ್ಬನು ತಮಟೆಯನ್ನು ಬಡಿಯುತ್ತ ಬೀದಿಬೀದಿಗೆ ಓಡಿ ಊರನ್ನು ಎಬ್ಬಿಸುವನು. ದೊಡ್ಡ ಹೋಳುಗಳು ಮೊದಲನೆಯ ತಳವಾರನಂತೆ; ಸಿ೩ಎ, ಸಿ೫ಎಗಳು ಎರಡನೆಯವನಂತೆ.

ಈ ಒಡೆಯುವಿಕೆಯನ್ನು ನಡೆಸುವ ಯಂತ್ರವು ದೇಹದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಸುಮಾರು ಒಂದೂವರೆ ನಿಮಿಷದಲ್ಲಿ ಅದರ ಅರ್ಧದಷ್ಟು ಬಿಚ್ಚಿಹೋಗುವುದು. ಅದನ್ನು ಬಿಚ್ಚುವುದಕ್ಕೆಂದೇ ಬೇರೆ ಪ್ರೋಟೀನುಗಳೂ ಕಾದಿರುವುವು. ನಾಗವಿಷದ ಅಂಶವು ಸಿ೩ರ ಹೋಳನ್ನೇ ಹೋಲುತ್ತದೆ. ಅದು ಮನುಷ್ಯನ ರಕ್ತದ ಇನ್ನೊಂದು ಪ್ರೋಟೀನನ್ನು ಕೂಡಿಕೊಂಡು ಅಂತಹುದೇ ಯಂತ್ರವನ್ನು ಕಟ್ಟುವುದು. ಆದರೆ ಈ ಯಂತ್ರದ ಅರ್ಧಾಯುಷ್ಯವು ಸುಮಾರು ಏಳು ಗಂಟೆ. ದೇಹದ ಕಾವಲುಗಾರರು ಇದನ್ನು ಬಿಚ್ಚಲಾರರು. ಹೀಗೆ ಕಳ್ಳನಿಲ್ಲದೆಯೂ ತಮಟೆಯು ಎಡೆಬಿಡದೆ ಬಡಿಯುತ್ತ, ಕೊನೆಗೆ ಸಿ೩ರ ಸಂಗ್ರಹವೇ ಬರಿದಾಗುವುದು. ವಿಷವು ಬೇಗ ರಕ್ತಕ್ಕೆ ಸೇರಲೆಂದು ಕಚ್ಚಿದೆಡೆಯ ನಾಳಗಳನ್ನು ಹಿಗ್ಗಿಸುವುದಕ್ಕೆ ಹಾವಿಗೆ ಈ ಅಂಶವು ನೆರವಾಗಿರಬಹುದೆಂಬುದು ವಿದ್ವಾಂಸರ ಒಂದು ಅಭಿಪ್ರಾಯ.

ಹಾವಿನ ಈ ಕೌಶಲವು ಪ್ರಯೋಗಶಾಲೆಗೆ ಒಂದು ಉಪಕರಣವಾಯಿತು. ಶುದ್ಧಮಾಡಿದ ಅಂಶವನ್ನು ಪ್ರಾಣಿಗೆ ಚುಚ್ಚಿ, ಪೂರಕವಿಲ್ಲದ ಪ್ರಾಣಿಯನ್ನು ಕೆಲವು ದಿನಗಳ ಮಟ್ಟಿಗೆ ಪಡೆಯಬಹುದಾಯಿತು. ಯಾವ ಉರಿಯೂತಕ್ಕೆ ಪೂರಕವು ಬೇಕು, ಯಾವುದಕ್ಕೆ ಬೇಡ ಎಂಬುದನ್ನು ಬೇರ್ಪಡಿಸಬಹುದಾಯಿತು. ೧೯೬೭ರಲ್ಲಿ ಅನಾಫಿಲಟಾಕ್ಸಿನಿನ ಮೂಲವು ಸಿ೫ ಎಂದು ಯೆನ್ಸನ್ ತೋರಿಸಿದನು. ಸಿ೩ರಿಂದಲೂ ಅಂತಹ ಹೋಳು ಹುಟ್ಟುವುದೆಂಬುದು ಅದೇ ವರ್ಷ ಲೆಪೋವ್ ಮತ್ತು ಅವನ ಸಂಗಡಿಗರಿಂದ ಗೊತ್ತಾಯಿತು. ಫ್ರೀಡ್‌ಬೆರ್ಗರನ ಅನಾಮಿಕ ವಿಷಕ್ಕೆ ಐವತ್ತೇಳು ವರ್ಷಗಳ ಮೇಲೆ ತಂದೆತಾಯಿಗಳ ಹೆಸರು ದೊರೆತಂತಾಯಿತು. ೧೯೮೨ರಲ್ಲಿ ಅಮೆರಿಕದ ಟಿಲ್, ವಾರ್ಡ್ ಮೊದಲಾದವರು ಇಲಿಗಳ ರಕ್ತಕ್ಕೆ ನಾಗವಿಷದ ಅಂಶವನ್ನು ಸೇರಿಸಿದಾಗ, ಅರ್ಧಗಂಟೆಯಷ್ಟರಲ್ಲಿಯೇ ಶ್ವಾಸಕೋಶಗಳು ಗಾಯಗೊಂಡುವು. ಗಾಯಮಾಡಿದವರು ಸಿ೫ಎಯ ಕರೆಗೆ ಓಗೊಟ್ಟು ಅಲ್ಲಿ ನೆರೆದ ಬಿಳಿಯ ಕಣಗಳೇ. ಮೆಚ್ನಿಕೋಫನ ಕಾವಲುಗಾರರು, ಶತ್ರುವಿಲ್ಲದ ರಣರಂಗದಲ್ಲಿ, ತಮ್ಮ ಮನೆಗೇ ಬೆಂಕಿಯಿಟ್ಟರು.

೫

ತಮಟೆಯ ಸದ್ದನ್ನು ಕೇಳಲು ಕಿವಿಯೊಂದು ಬೇಕಷ್ಟೆ. ಸಿ೩ಎಯಲ್ಲಿ ೭೭, ಸಿ೫ಎಯಲ್ಲಿ ೭೪ ಅಮೈನೋ ಆಮ್ಲಗಳ ಕೊಂಡಿಗಳಿವೆಯೆಂಬುದನ್ನು ಹ್ಯೂಗ್ಲಿ ಮತ್ತು ಅವನ ಸಂಗಡಿಗರು ೧೯೭೦ರ ದಶಕದಲ್ಲಿ ಕಂಡುಹಿಡಿದರು. ಇವು ಹೋಗಿ ತಟ್ಟುವ ಬಾಗಿಲುಗಳ ರಚನೆಯು ಗೊತ್ತಾದುದು ಇನ್ನೂ ಈಚೆಗೆ. ಸಿ೫ಎಯ ಗ್ರಾಹಕವು ೧೯೯೧ರಲ್ಲಿಯೂ, ಸಿ೩ಎಯ ಗ್ರಾಹಕವು ೧೯೯೬ರಲ್ಲಿಯೂ ಬೆಳಕಿಗೆ ಬಂದುವು. ಸಿ೫ಎಗೆ ಎರಡನೆಯ ಗ್ರಾಹಕವೊಂದುಂಟೆಂಬುದು ೨೦೦೦ದ ತರುವಾಯ ತಿಳಿಯಿತು. ಅದರ ಕೆಲಸವೇನೆಂಬ ವಾದವು ಇನ್ನೂ ಮುಗಿದಿಲ್ಲ.

ಗ್ರಾಹಕವೆಂದರೆ ಕಣದ ಹೊರಪೊರೆಯನ್ನು ಏಳು ಸಲ ಹೊಲಿದಂತೆ ಹಾದುಹೋಗುವ ಒಂದು ಪ್ರೋಟೀನಿನ ಎಳೆ. ಅದರ ಹೊರತುದಿಗೆ ಸಿ೫ಎ ಬಂದು ಕೂತೊಡನೆ ಎಳೆಯ ಒಳಭಾಗವು ಸ್ವಲ್ಪ ತಿರುಗಿ ಕಣದೊಳಗಿನ ದೂತರನ್ನು ಎಚ್ಚರಿಸುವುದು. ಸಿ೫ಎ ಕಣದೊಳಕ್ಕೆ ಹೋಗಬೇಕಾದುದೇ ಇಲ್ಲ. ಬಾಗಿಲನ್ನು ತಟ್ಟಿದರೆ ಸಾಕು. ಮುಂದೆ ನಡೆಯುವುದು ಆ ಬಾಗಿಲು ಯಾರ ಮನೆಯದೆಂಬುದನ್ನು ಅವಲಂಬಿಸಿದೆ. ಮಾಸ್ಟ್ ಕಣವಾದರೆ ತನ್ನಲ್ಲಿ ಕೂಡಿಟ್ಟ ಹಿಸ್ಟಮೀನನ್ನು ಹೊರಚೆಲ್ಲುವುದು. ಅದರಿಂದ ಸಣ್ಣ ರಕ್ತನಾಳಗಳು ಹಿಗ್ಗಿ ಚರ್ಮವು ಕೆಂಪಾಗಿ ಬಿಸಿಯೇರುವುದು; ನಾಳದ ಗೋಡೆಯ ಸಂದುಗಳು ಬಿಟ್ಟು ದ್ರವವು ಒಸರಿ ಬಾವೇಳುವುದು. ಬಿಳಿಯ ಕಣವಾದರೆ, ಸಿ೫ಎ ಯಾವ ಕಡೆಯಿಂದ ಗಾಢವಾಗಿ ಬರುತ್ತಿದೆಯೋ ಆ ಕಡೆಗೆ ತೆವಳಿ, ನಾಳದಿಂದ ನುಸುಳಿ, ಗಾಯವನ್ನು ಮುಟ್ಟುವುದು. ಉಸಿರ್ನಾಳದ ಸುತ್ತಿನ ಸ್ನಾಯುಗಳು ಬಿಗಿದುಕೊಂಡರೆ ಉಸಿರು ಕಟ್ಟುವುದು. ಸೆಲ್ಸಸನ ನಾಲ್ಕು ಲಕ್ಷಣಗಳಿಗೂ ಕೋನ್‌ಹೈಮನು ಕಂಡ ನುಸುಳುವಿಕೆಗೂ ಮೆಚ್ನಿಕೋಫನ ಪ್ರಶ್ನೆಗೂ ಈ ಬಾಗಿಲುಗಳಲ್ಲಿ ಬಹುಮಟ್ಟಿಗೆ ಉತ್ತರವಿದ್ದಿತು.

ಕೂಗು ಮಿತಿಮೀರದಂತೆ ದೇಹವು ಏರ್ಪಾಟನ್ನೂ ಮಾಡಿಕೊಂಡಿದೆ. ಸಿ೩ಎ, ಸಿ೫ಎಗಳೆರಡರ ಕೊನೆಯ ಕೊಂಡಿಯು ಆರ್ಜಿನೀನ್ ಎಂಬ ಅಮೈನೋ ಆಮ್ಲ. ರಕ್ತದಲ್ಲಿರುವ ಒಂದು ಕಿಣ್ವವು ಆ ಒಂದು ಕೊಂಡಿಯನ್ನು ಕತ್ತರಿಸಿದರೆ ಸಾಕು, ಸಿ೩ಎ ತನ್ನ ಬಾಗಿಲನ್ನು ತಟ್ಟಲಾರದು. ಸಿ೫ಎಯ ಬಲವೂ ಬಹಳ ಕುಂದುವುದು. ಆದುದರಿಂದ ಸಣ್ಣ ಗಾಯದ ಉರಿಯು ಗಾಯದ ಸುತ್ತಲೇ ನಿಂತು ಆರಿಹೋಗುವುದು. ಕೂಗುವವರ ಸಂಖ್ಯೆಯು ಈ ಕಿಣ್ವದ ಶಕ್ತಿಯನ್ನು ಮೀರಿದಾಗಲೇ ಅನಾಹುತ.

ಹಾಗಾದರೆ ಈ ಬಾಗಿಲುಗಳೇ ಇಲ್ಲದಿದ್ದರೆ ಒಳ್ಳೆಯದಲ್ಲವೆ? ಇಲ್ಲವೆಂಬುದನ್ನು ೧೯೯೬ರ ಒಂದು ಪ್ರಯೋಗವು ತೋರಿಸಿತು. ಸಿ೫ಎಯ ಗ್ರಾಹಕವಿಲ್ಲದಂತೆ ಹುಟ್ಟಿಸಿದ ಚಿಕ್ಕಿಲಿಗಳು ಶ್ವಾಸಕೋಶಕ್ಕೆ ಹೊಕ್ಕ ರೋಗಾಣುಗಳನ್ನು ಹೊರದೂಡಲಾರದೆ ಸತ್ತುವು. ೧೯೯೯ರಲ್ಲಿ ವಾರ್ಡನ ಗುಂಪಿನವರು ಇದಕ್ಕೆ ಎದುರಾದ ಸಂಗತಿಯನ್ನು ಕಂಡರು. ರೋಗಾಣುಗಳು ರಕ್ತಕ್ಕೇರಿ ಮೈಯೆಲ್ಲ ಉರಿಯುತ್ತಿದ್ದ ಇಲಿಗಳಲ್ಲಿ ಸಿ೫ಎಯನ್ನು ತಡೆದಾಗ ಹೆಚ್ಚು ಇಲಿಗಳು ಬದುಕಿಕೊಂಡುವು. ಒಂದೇ ಕತ್ತಿಯು ಒಮ್ಮೆ ಕಾಯುವುದು, ಒಮ್ಮೆ ಕೊಲ್ಲುವುದು. ಕತ್ತಿಯನ್ನು ಕಸಿದುಕೊಳ್ಳುವುದರಿಂದ ರಾಜ್ಯವು ಉಳಿಯದು. ಅದು ಬೀಸುವ ಹೊತ್ತನ್ನೂ ಎಡೆಯನ್ನೂ ಕಾಯಬೇಕು.

೬

ಈ ವಿವೇಕವನ್ನು ಔಷಧವನ್ನಾಗಿ ಮಾಡುವ ಪ್ರಯತ್ನವು ಇಪ್ಪತ್ತೊಂದನೆಯ ಶತಮಾನದ್ದು. ೨೦೦೭ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಎಕ್ಯುಲಿಝುಮಾಬ್ ಎಂಬ ಔಷಧವು ಸಿ೫ ಒಡೆಯದಂತೆಯೇ ತಡೆಯುವುದು. ಕೆಂಪು ರಕ್ತಕಣಗಳು ಒಡೆದುಹೋಗುವ ಒಂದು ಅಪರೂಪದ ರೋಗದಲ್ಲಿ ಇದರಿಂದ ಬಹಳ ಪ್ರಯೋಜನವಾಯಿತು. ಆದರೆ ರಂಧ್ರ ಕೊರೆಯುವ ಆಯುಧವೂ ಇದರಿಂದ ಮೂಲೆಗೆ ಬೀಳುವುದರಿಂದ, ಇದನ್ನು ಪಡೆಯುವವರಿಗೆ ಒಂದು ಬಗೆಯ ಮಿದುಳುಪೊರೆಯ ಜ್ವರದ ಅಪಾಯವು ಹೆಚ್ಚು. ಲಸಿಕೆಯನ್ನು ಮೊದಲೇ ಹಾಕಿಸಬೇಕಾಗುವುದು. ೨೦೨೧ರಲ್ಲಿ ಜಪಾನಿನಲ್ಲಿಯೂ ಅಮೆರಿಕದಲ್ಲಿಯೂ ಅನುಮತಿ ಪಡೆದ ಅವಕೋಪಾನ್ ಎಂಬುದರ ಮಾರ್ಗವು ಬೇರೆ. ಅದು ಸಿ೫ನ್ನು ಮುಟ್ಟದೆ, ಸಿ೫ಎಯ ಗ್ರಾಹಕವೊಂದಕ್ಕೆ ಮಾತ್ರ ಅಗುಳಿ ಹಾಕುವುದು. ಸಣ್ಣ ರಕ್ತನಾಳಗಳು ಉರಿಗೊಂಡು ಮೂತ್ರಪಿಂಡಗಳು ಕೆಡುವ ರೋಗದಲ್ಲಿ, ೩೩೧ ಮಂದಿಯ ಪರೀಕ್ಷೆಯೊಂದರ ತರುವಾಯ, ಅದಕ್ಕೆ ಆ ಅನುಮತಿಯು ದೊರೆಯಿತು. ಅದಕ್ಕೂ ಯಕೃತ್ತನ್ನು ನೋಯಿಸುವ ದೋಷವುಂಟು. ಬಾಗಿಲನ್ನು ಮುಚ್ಚುವ ಕೆಲಸವೂ ನಿರಪಾಯವಲ್ಲ.

ಬಾಗಿಲಿಗೆ ಸರಿಯಾದ ಅಗುಳಿಯನ್ನು ಮಾಡಬೇಕಾದರೆ ಬಾಗಿಲಿನ ಆಕಾರವು ಗೊತ್ತಿರಬೇಕು. ಈ ಕೆಲಸದಲ್ಲಿ ಭಾರತದ ಪಾಲೂ ಇದೆ. ಕಾನ್ಪುರದ ಐ.ಐ.ಟಿ.ಯ ಅರುಣ್ ಶುಕ್ಲ ಅವರ ಪ್ರಯೋಗಶಾಲೆಯವರೂ ಅವರ ಸಹಕಾರಿಗಳೂ, ಅತಿಶೀತದಲ್ಲಿ ಹೆಪ್ಪುಗಟ್ಟಿಸಿ ಎಲೆಕ್ಟ್ರಾನುಗಳಿಂದ ಚಿತ್ರ ತೆಗೆಯುವ ಕ್ರಮದಿಂದ, ಸಿ೩ಎ ಮತ್ತು ಸಿ೫ಎಗಳು ತಮ್ಮ ಗ್ರಾಹಕಗಳಲ್ಲಿ ಕೂರುವ ಬಗೆಯನ್ನು ೨೦೨೩ರಲ್ಲಿ ಪ್ರಕಟಿಸಿದರು.

ಇಷ್ಟು ದೂರದ ಮಾತುಗಳಿಂದ ಅರಸೀಕೆರೆಯ ತೋಟಕ್ಕೆ, ಬೇಲೂರಿನ ಗದ್ದೆಗೆ ಮರಳಿದರೆ, ಹಾವು ಇನ್ನೂ ಅಲ್ಲಿಯೇ ಇದೆ. ೨೦೦೦ದಿಂದ ೨೦೧೯ರವರೆಗೆ ಭಾರತದಲ್ಲಿ ಹಾವಿನ ಕಡಿತದಿಂದ ಸತ್ತವರು ಸುಮಾರು ೧೨ ಲಕ್ಷವೆಂದು ಅಂದಾಜಾಗಿದೆ. ವರ್ಷಕ್ಕೆ ೫೮ ಸಾವಿರದಷ್ಟು. ಇವರಲ್ಲಿ ಬಹುಮಂದಿ ಹಳ್ಳಿಯವರು. ೨೦೧೭ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ಕಡೆಗಣಿಸಲ್ಪಟ್ಟ ರೋಗಗಳ ಪಟ್ಟಿಗೆ ಸೇರಿಸಿತು. ೨೦೨೪ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರವು ಹಾವಿನ ಕಡಿತವನ್ನೂ ಅದರ ಸಾವನ್ನೂ ಆಸ್ಪತ್ರೆಗಳು ಕಡ್ಡಾಯವಾಗಿ ವರದಿಮಾಡಬೇಕೆಂದು ವಿಧಿಸಿತು.

ಹಾವಿನ ವಿಷಕ್ಕೆ ಸಿದ್ಧವಾದ ಮದ್ದು ಪ್ರತಿವಿಷವೊಂದೇ. ಫ್ರಾನ್ಸಿನ ಕಾಲ್ಮೆಟ್ ಮೊದಲಾದವರು ೧೮೯೪-೯೫ರಲ್ಲಿ ಕಂಡುಹಿಡಿದ ದಾರಿಯಲ್ಲಿಯೇ, ಕುದುರೆಗೆ ವಿಷವನ್ನು ಅಲ್ಪಾಲ್ಪವಾಗಿ ಕೊಟ್ಟು ಅದರ ರಕ್ತದ ಪ್ರತಿಕಾಯಗಳನ್ನು ತೆಗೆದು ಇದನ್ನು ಮಾಡುವರು. ಭಾರತದ ಪ್ರತಿವಿಷವು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕಕ್ಕೆ ಸಂಬಂಧಿಸಿದುದು. ಮಲೆನಾಡಿನಲ್ಲಿ ಸಿಕ್ಕುವ, ಮೂತಿಯ ತುದಿ ಮೇಲಕ್ಕೆದ್ದ ಗುಳಿಮಂಡಲದ ವಿಷಕ್ಕೆ ಇದು ನಾಟುವುದಿಲ್ಲ. ಒಂದೇ ಜಾತಿಯ 

ಹಾವಿನ ವಿಷವೂ ಸೀಮೆಯಿಂದ ಸೀಮೆಗೆ ಬೇರೆಯಾಗಿರುವುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುಣಗಾರ್ ಅವರ ಪ್ರಯೋಗಶಾಲೆಯು ತೋರಿಸಿದೆ.

ಪ್ರತಿವಿಷವೂ ಪರಕೀಯ ಪ್ರಾಣಿಯ ಪ್ರೋಟೀನೇ. ಅದನ್ನು ನಾಳಕ್ಕೆ ಕೊಟ್ಟಾಗ ಕೆಲವರ ಮೈ ತುರಿಸಿ, ದದ್ದೆದ್ದು, ಉಸಿರು ಕಟ್ಟಿ, ರಕ್ತದ ಒತ್ತಡವು ಕುಸಿಯುವುದುಂಟು. ರಿಶೆಯ ನಾಯಿಯಂತೆ ಇವರು ಹಿಂದೆ ಒಮ್ಮೆ ಪ್ರತಿವಿಷವನ್ನು ಪಡೆದಿರಬೇಕೆಂದಿಲ್ಲ. ಮೊದಲ ಸಲವೇ ಹೀಗಾಗಬಹುದು. ಪ್ರತಿವಿಷದ ಪ್ರೋಟೀನುಗಳು ಗಂಟುಕಟ್ಟಿಕೊಂಡು ಪೂರಕವನ್ನು ನೇರವಾಗಿ ಎಬ್ಬಿಸುವುದೂ ಇದರ ಕಾರಣಗಳಲ್ಲಿ ಒಂದಿರಬಹುದೆಂದು ಎಣಿಸಿದ್ದಾರೆ. ಹೀಗೆ ಹಾವಿನ ವಿಷವು ಎಬ್ಬಿಸುವ ತಮಟೆಯನ್ನೇ ಒಮ್ಮೊಮ್ಮೆ ಮದ್ದೂ ಎಬ್ಬಿಸುವುದು. ಇದಕ್ಕೆ ವೈದ್ಯರ ಕೈಯಲ್ಲಿ ಅಡ್ರಿನಲಿನ್ ಇದೆ. ೨೦೧೧ರಲ್ಲಿ ಪ್ರಕಟವಾದ ಶ್ರೀಲಂಕದ ಪರೀಕ್ಷೆಯೊಂದರಲ್ಲಿ, ಹಾವು ಕಚ್ಚಿದ ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ಪ್ರತಿವಿಷಕ್ಕೆ ಮೊದಲು ಅಲ್ಪ ಪ್ರಮಾಣದ ಅಡ್ರಿನಲಿನನ್ನು ಕೊಟ್ಟವರಿಗೆ ಇಂತಹ ತೀವ್ರವಾದ ತೊಂದರೆಯು ಕಡಮೆಯಾಗಿ ಬಂದಿತು.

ಮನೆಯವರು ತಿಳಿಯಬೇಕಾದ ಸಾರವು ಇದರಲ್ಲಿದೆ. ಪ್ರತಿವಿಷದಿಂದಲೂ ಅಪಾಯವುಂಟೆಂದು ಕೇಳಿ ಹಿಂಜರಿದು, ಮಂತ್ರಕ್ಕೋ ಬೇರಿಗೋ ಹೊತ್ತನ್ನು ಕಳೆದವರು ಉಳಿಯುವುದು ಹೆಚ್ಚಾಗಿ ಕಡಿತದಲ್ಲಿ ವಿಷವು ಇಳಿಯದಿದ್ದಾಗ, ಇಲ್ಲವೆ ಅಲ್ಪವಾಗಿ ಇಳಿದಾಗ. ಮದ್ದು ಎಬ್ಬಿಸುವ ಉರಿಯನ್ನು ಆಸ್ಪತ್ರೆಯಲ್ಲಿ ಆರಿಸಬಹುದು. ವಿಷವು ನರಗಳನ್ನು ಕಟ್ಟಿದ ಮೇಲೆ ಮನೆಯಲ್ಲಿ ಮಾಡುವುದಕ್ಕೇನೂ ಇರದು. ಬಾವೆದ್ದ ಕಾಲನ್ನು ಹಗ್ಗದಿಂದ ಬಿಗಿಯುವುದಾಗಲಿ, ಬ್ಲೇಡಿನಿಂದ ಕೊಯ್ಯುವುದಾಗಲಿ, ಗಾಯವನ್ನು ಹೀರುವುದಾಗಲಿ ಸಲ್ಲದು. ಕಚ್ಚಿಸಿಕೊಂಡವರನ್ನು ನಡೆಸದೆ, ಕಚ್ಚಿದ ಅಂಗವನ್ನು ಅಲುಗದಂತೆ ಇರಿಸಿ, ಪ್ರತಿವಿಷವೂ ಅಡ್ರಿನಲಿನ್ನೂ ಎರಡೂ ಇರುವ ಆಸ್ಪತ್ರೆಗೆ ಮುಟ್ಟಿಸುವುದೇ ಮೊದಲ ಕೆಲಸ.

ಹಳೇಬೀಡಿನ ಕಂಬದ ಮೇಲಿನ ಗರುಡರು ತಮ್ಮ ಮೇಲೆಯೇ ಎತ್ತಿದ ಕತ್ತಿಯನ್ನು ಎಂಟುನೂರು ವರ್ಷಗಳಿಂದ ಇಳಿಸಿಲ್ಲ. ಅವರ ನಿಷ್ಠೆಯನ್ನು ಕಂಡು ನಾಡು ಕಂಬವನ್ನು ನಿಲ್ಲಿಸಿತು. ಆದರೆ ಅವರು ಬದುಕಿದ್ದರೆ ಬಲ್ಲಾಳನ ಮಗನ ರಾಜ್ಯಕ್ಕೆ ಎಷ್ಟೋ ಕೆಲಸಕ್ಕೆ ಬರುತ್ತಿದ್ದರು. ರಕ್ತದ ಗರುಡರ ನಿಷ್ಠೆಯೂ ಅಂತಹುದೇ. ಅವರ ಕಿವಿಗೆ ಯಾವ ಕೂಗು ಎಷ್ಟು ಹೊತ್ತು ಬೀಳಬೇಕೆಂಬುದನ್ನು ಕಲಿಯಲು ಮನುಷ್ಯನು ಬೋರ್ಡೆಯ ಕಾಲದಿಂದ ಇಂದಿನವರೆಗೆ ನೂರಮೂವತ್ತು ವರ್ಷಗಳನ್ನು ಕಳೆದಿದ್ದಾನೆ. ಆ ಪಾಠದ ಮೊದಲ ಅಕ್ಷರಗಳಲ್ಲಿ ಕೆಲವನ್ನು ತಿದ್ದಿಸಿದುದು, ಅಶ್ವತ್ಥದ ಕಟ್ಟೆಯ ಮೇಲೆ ಹಾಲೆರೆಸಿಕೊಳ್ಳುವ ಆ ನಾಗರವೇ.